ಬಿಲ್ಲೆಯ ಬೆನ್ನು

ಗಂಗರ ತಾಮ್ರಶಾಸನಗಳನ್ನು ಕುರಿತ ಚರ್ಚೆ ಕನ್ನಡ ಶಾಸನಾಧ್ಯಯನದ ಆರಂಭಕಾಲದ ದೊಡ್ಡ ವಾಗ್ವಾದಗಳಲ್ಲೊಂದು. ಬಿ. ಎಲ್. ರೈಸ್ ಅವರು ಇತಿಹಾಸಕ್ಕೆ ಆಧಾರವೆಂದು ಸ್ವೀಕರಿಸಿದ ಹಲವು ಶಾಸನಗಳನ್ನು ಜೆ. ಎಫ್. ಫ್ಲೀಟ್ ಅವರು ಕೂಟಶಾಸನಗಳೆಂದು ತಳ್ಳಿಹಾಕಿದರು. ಶಾಸನ ತಾನೇ ಹೇಳಿಕೊಳ್ಳುವ ಕಾಲಕ್ಕೂ ಅದರ ಲಿಪಿಗೂ ಹೊಂದಿಕೆಯಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪಗಳಲ್ಲೊಂದು. ತಾಮ್ರಪಟಗಳನ್ನು ಕೂಡಿಸಿದ ಬಳೆಯ ಮೇಲೆ ಗಂಗರ ಆನೆಯ ಮುದ್ರೆ ಇದ್ದ ಮಾತ್ರಕ್ಕೆ ಶಾಸನ ಸಾಚಾ ಆಗುವುದಿಲ್ಲ. ಕೂಟಶಾಸನವನ್ನು ಬರೆಸಿದವನು ಮೊದಲು ಮಾಡುವ ಕೆಲಸವೇ ಮುದ್ರೆಯನ್ನು ಸರಿಯಾಗಿ ಹಾಕಿಸುವುದು.

ಸಾವಿರ ವರ್ಷಗಳ ಈಚೆಗೆ, ಇನ್ನೂ ಚಿಕ್ಕದಾದ ಮತ್ತೊಂದು ಲೋಹದ ಮುದ್ರೆಯ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಅದು ಹಳೆಯ ಪೊಲೀಸರ ಮತ್ತು ಸೈನಿಕರ ಟೋಪಿಯ ಬಿಲ್ಲೆ. ಬಳ್ಳಿಗಾವೆಯಲ್ಲಿ 1047ರಲ್ಲಿ ಕಂಬದ ಮೇಲೆ ನಿಂತ ಗಂಡಭೇರುಂಡ, ಅಚ್ಯುತರಾಯನ ನಾಣ್ಯಗಳಲ್ಲಿ ಆನೆಗಳನ್ನು ಹಿಡಿದು ಹಾರಿ, ಕೊನೆಗೆ ಮೈಸೂರು ಸಂಸ್ಥಾನದ ಲಾಂಛನವಾಗಿ ಸಿಪಾಯಿಗಳ ತಲೆಯುಡುಗೆಯನ್ನೂ ಏರಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕಾರ್ಯಾಚರಣೆಯಲ್ಲಿ ಜೋಧಪುರದ ಅಶ್ವದಳದೊಂದಿಗೆ ಮೈಸೂರು ಲ್ಯಾನ್ಸರ್ಸ್ ದಳವೂ ಇತ್ತು. ಆ ದಿನದ ಕೀರ್ತಿಯಿಂದಾಗಿ ಇಂದು ಗಂಡಭೇರುಂಡದ ಬಿಲ್ಲೆಗೆ ಬೆಲೆಯಿದೆ. ಬೆಲೆಯಿದ್ದಲ್ಲಿ ನಕಲೂ ಇದೆ.

ಬಿಲ್ಲೆಯನ್ನು ಪರೀಕ್ಷಿಸುವವರು ಮೊದಲು ಅದರ ಮುಖವನ್ನು ಕಾಲಗಣನೆಗೆ ಒಳಪಡಿಸುತ್ತಾರೆ. ಬ್ರಿಟಿಷ್ ಬಿಲ್ಲೆಗಳಲ್ಲಿ ಕಿರೀಟದ ಆಕಾರವೇ ಒಂದು ಬಗೆಯ ಲಿಪಿಶಾಸ್ತ್ರ. ವಿಕ್ಟೋರಿಯಾ ರಾಣಿಯ ಕಾಲದ ಕಿರೀಟ ಬೇರೆ. 1901ರ ಅನಂತರ ನಾಲ್ವರು ದೊರೆಗಳ ಕಾಲದಲ್ಲಿ ಉಳಿದ ಟ್ಯೂಡರ್ ಕಿರೀಟ ಬೇರೆ. ಎರಡನೆಯ ಎಲಿಜಬೆತ್ ಕಾಲದಲ್ಲಿ ಬಂದ, ಕಮಾನುಗಳು ನಡುವೆ ತಗ್ಗಿದ ಸಂತ ಎಡ್ವರ್ಡನ ಕಿರೀಟ ಬೇರೆ. ಭಾರತದಲ್ಲಿ 1950ರ ಜನವರಿ 26ರ ಬಳಿಕ ಸೇನೆಯ ಲಾಂಛನಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕಸ್ತಂಭದ ಸಿಂಹಗಳು ಬಂದವು. ನಮ್ಮ ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ಆದ್ದರಿಂದ ಕಿರೀಟದ ಕೆಳಗೆ ‘ಕರ್ನಾಟಕ ಪೊಲೀಸ್’ ಎಂದಿರುವ ಬಿಲ್ಲೆ ತನ್ನ ಸುಳ್ಳನ್ನು ತಾನೇ ಸಾರುತ್ತದೆ. ‘ಮೈಸೂರು’ ಎಂಬ ಹೆಸರಾದರೋ ಸಂಸ್ಥಾನಕ್ಕೂ ಇತ್ತು, ಅನಂತರದ ರಾಜ್ಯಕ್ಕೂ ಇತ್ತು. ಆ ಹೆಸರೊಂದರಿಂದಲೇ ಕಾಲವನ್ನು ನಿರ್ಣಯಿಸಲಾಗದು.

ಆದರೆ ಮುಖದ ಪರೀಕ್ಷೆಯಲ್ಲಿ ಸಿಕ್ಕಿಬೀಳುವವನು ದಡ್ಡ ಕೂಟಗಾರ ಮಾತ್ರ. ಜಾಣನಾದವನು ನಿಜವಾದ ಬಿಲ್ಲೆಯೊಂದನ್ನೇ ಎದುರಿಗಿಟ್ಟುಕೊಂಡು ಕೆಲಸ ಮಾಡುತ್ತಾನೆ. ಆಗ ಬಿಲ್ಲೆಯನ್ನು ಮಗುಚಬೇಕು. ಸಾಮಾನ್ಯ ಸಿಪಾಯಿಯ ಬಿಲ್ಲೆಗಳಲ್ಲಿ ಬಹುಪಾಲು, ಹಿತ್ತಾಳೆಯ ತಗಡನ್ನು ಉಕ್ಕಿನ ಅಚ್ಚುಗಳ ನಡುವೆ ಒತ್ತಿ ತಯಾರಾದವು. ಅಂಥವುಗಳಲ್ಲಿ ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿ ಕಾಣುತ್ತದೆ. ನಿಜವಾದ ಬಿಲ್ಲೆಯೊಂದನ್ನು ಅಚ್ಚಿಗೆ ಇಟ್ಟು ಎರಕ ಹೊಯ್ದ ನಕಲಿನ ಮೈ ತರಿತರಿಯಾಗಿರುತ್ತದೆ, ಸಣ್ಣ ಗುಳಿಗಳಿರುತ್ತವೆ, ಅಂಚಿನಲ್ಲಿ ಅರದಿಂದ ಉಜ್ಜಿದ ಗುರುತಿರುತ್ತದೆ. ಲೋಹ ಆರುವಾಗ ಕುಗ್ಗುವುದರಿಂದ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಸವೆತವೂ ಸಾಕ್ಷಿ ನುಡಿಯುತ್ತದೆ. ದಿನವೂ ಉಜ್ಜಿ ಹೊಳಪಿಸಿದ ಬಿಲ್ಲೆಯಲ್ಲಿ ಉಬ್ಬಿದ ಭಾಗಗಳು ನುಣುಪಾಗಿ ಸವೆದಿರುತ್ತವೆ. ರಾಸಾಯನಿಕದಲ್ಲಿ ಅದ್ದಿ ಹಳತುಮಾಡಿದ್ದರಲ್ಲಿ ಕಪ್ಪು ಇರುತ್ತದೆ, ಸವೆತ ಇರುವುದಿಲ್ಲ.

ಇಲ್ಲಿಯೂ ಅವಸರ ಸಲ್ಲದು. ಭಾರತದಲ್ಲಿ ಬೀಡುಬಿಟ್ಟಿದ್ದ ದಳಗಳಿಗಾಗಿ ಇಲ್ಲಿನ ಬಜಾರಿನ ಕುಶಲಕರ್ಮಿಗಳೇ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ಕೊಟ್ಟ ಬಿಲ್ಲೆಗಳಿವೆ. ಅವು ಒರಟು, ಆದರೆ ಸಾಚಾ. ಅವುಗಳನ್ನು ಧರಿಸಿದ ಸಿಪಾಯಿಗಳಿದ್ದರು. ಇದಕ್ಕೆ ವಿರುದ್ಧವಾಗಿ, ಹಳೆಯ ಉಕ್ಕಿನ ಅಚ್ಚುಗಳನ್ನೇ ಬಳಸಿ ದಶಕಗಳ ಬಳಿಕ ಒತ್ತಿದ ಬಿಲ್ಲೆಗಳಿವೆ. ಅವು ಅಂದವಾಗಿವೆ, ಆದರೆ ಅವುಗಳನ್ನು ಯಾವ ಸಿಪಾಯಿಯೂ ಧರಿಸಲಿಲ್ಲ. ಮೂಲ ಪಟ ನಾಶವಾದಾಗ ಅದರ ಪಾಠವನ್ನು ಮರಳಿ ಕೆತ್ತಿಸಿದ ದಾನಶಾಸನಗಳ ಸಮಸ್ಯೆಯನ್ನು ಬಲ್ಲವರಿಗೆ ಈ ಇಕ್ಕಟ್ಟು ಹೊಸದಲ್ಲ.

ಹಳೆ ಮೈಸೂರಿನ ಒಂದು ಕುಟುಂಬದಲ್ಲಿ ಈ ಪ್ರಶ್ನೆ ವಿದ್ವತ್ತಿನ ಪ್ರಶ್ನೆಯಾಗಿ ಉಳಿಯಲಿಲ್ಲ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಮನೆಯ ನಡುಮನೆಯಲ್ಲಿ, ಲ್ಯಾನ್ಸರ್ಸ್ ದಳದಲ್ಲಿ ಸವಾರರಾಗಿದ್ದ ಅವರ ತಾತನ ಪಟದ ಕೆಳಗೆ, ಗಂಡಭೇರುಂಡದ ಬಿಲ್ಲೆಯೊಂದು ಗಾಜಿನ ಹಿಂದೆ ಇತ್ತು. ಹೈಫಾದಲ್ಲಿ ತಾತ ಧರಿಸಿದ್ದು ಅದನ್ನೇ ಎಂದು ಮಕ್ಕಳಿಗೆ ಹೇಳಿಕೊಡಲಾಗಿತ್ತು. ಸಂಶೋಧನ ವಿದ್ಯಾರ್ಥಿನಿಯಾದ ಮಗಳು ಅದನ್ನು ಬೆಂಗಳೂರಿನ ಸಂಗ್ರಾಹಕರೊಬ್ಬರಿಗೆ ತೋರಿಸಿದಳು. ಅವರು ಮಾತನಾಡದೆ ತಮ್ಮ ಪೆಟ್ಟಿಗೆಯಿಂದ ಇನ್ನೊಂದು ಬಿಲ್ಲೆಯನ್ನು ತೆಗೆದು ಪಕ್ಕದಲ್ಲಿಟ್ಟರು. ಎರಡರಲ್ಲಿಯೂ ಹಕ್ಕಿಯ ಎಡಗೊರಳಿನ ಮೇಲೆ ಒಂದೇ ಓರೆಗೀರು, ಒಂದೇ ಜಾಗದಲ್ಲಿ, ಒಂದೇ ಉದ್ದದಲ್ಲಿ.

ಗೀರು ಎನ್ನುವುದು ಒಂದು ವಸ್ತುವಿಗೆ ಒಮ್ಮೆ ಆಗುವ ಗಾಯ. ಎರಡು ವಸ್ತುಗಳಿಗೆ ಅದೇ ಗಾಯವಿದ್ದರೆ ಅವುಗಳಲ್ಲಿ ಒಂದಾದರೂ ಎರಕದ ನಕಲು. ಇದಕ್ಕೆ ಮೇಲ್ಮನವಿ ಇಲ್ಲ. ಮನೆಯಲ್ಲಿ ವಿಚಾರಿಸಿದಾಗ ಹಿರಿಯರೊಬ್ಬರ ನೆನಪು ಬಿಚ್ಚಿಕೊಂಡಿತು. ದೊಡ್ಡಪ್ಪನವರು ಬೆಂಗಳೂರಿನ ಭಾನುವಾರದ ಸಂತೆಯಲ್ಲಿ, ತಾತನ ಪಟದ ಪಕ್ಕಕ್ಕಿರಲೆಂದು ಅದನ್ನು ಕೊಂಡುತಂದಿದ್ದರು. ಅವರು ತೀರಿಕೊಂಡ ಮೇಲೆ ಕೊಂಡ ಸಂಗತಿ ಮರೆತು, ಬಿಲ್ಲೆ ತಾತನದ್ದಾಯಿತು. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಪ್ರೀತಿಯೇ ಕೂಟಶಾಸನವನ್ನು ಬರೆದಿತ್ತು.

ಮೇಷ್ಟ್ರು ಕೆಲವು ದಿನ ಮಗಳೊಡನೆ ಸರಿಯಾಗಿ ಮಾತನಾಡಲಿಲ್ಲ. “ಬಿಲ್ಲೆ ಹೋದರೆ ತಾತನೂ ಹೋದಂತೆ” ಎಂದು ಒಮ್ಮೆ ಅಂದರು. ಸಂಗ್ರಾಹಕರು ಕೇಳಿದ ಇನ್ನೊಂದು ಪ್ರಶ್ನೆ ಮಗಳಿಗೆ ನೆನಪಾದದ್ದು ಆಗ: ಮನೆಯಲ್ಲಿ ಹಳೆಯ ಬೆಳ್ಳಿಯ ದೊಡ್ಡ ನಾಣ್ಯವೇನಾದರೂ ಇದೆಯೆ? ಇತ್ತು. ಕೊಂಡಿ ಮುರಿದುಹೋಗಿದ್ದ ಅದನ್ನು ‘ರಾಜನ ರೂಪಾಯಿ’ ಎಂದು ಅಜ್ಜಿಯ ಟ್ರಂಕಿನಲ್ಲಿ ಇಟ್ಟಿದ್ದರು. ಒಂದು ಬದಿ ಐದನೆಯ ಜಾರ್ಜನ ತಲೆ, ಇನ್ನೊಂದು ಬದಿ ಕುದುರೆ ಸವಾರ ಮತ್ತು 1914, 1918 ಎಂಬ ಇಸವಿಗಳು. ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧಪದಕ ಅದು. ಇಂಥ ಪದಕದ ಅಂಚಿನ ಮೇಲೆ ಪಡೆದವನ ಹೆಸರನ್ನು ಒತ್ತಿರುತ್ತಾರೆ. ಅಂಚನ್ನು ಅರದಿಂದ ತೆಳುವಾಗಿಸಿ ಬೇರೆ ಹೆಸರು ಕೆತ್ತಿದ ಗುರುತು ಇದೆಯೋ ಎಂದು ಸಂಗ್ರಾಹಕರು ಮಸೂರದಲ್ಲಿ ನೋಡಿದರು; ಇರಲಿಲ್ಲ. ಸಂಖ್ಯೆ, ದರ್ಜೆ, ತಾತನ ಹೆಸರು, ದಳದ ಹೆಸರು ಎಲ್ಲವೂ ಸ್ಪಷ್ಟವಾಗಿದ್ದವು.

ಸುಳ್ಳು ಬಿಲ್ಲೆಯನ್ನು ಗಾಜಿನ ಹಿಂದಿಟ್ಟ ಮನೆ ನಿಜವಾದ ಪದಕವನ್ನು ಬೆಳ್ಳಿಯ ತೂಕಕ್ಕೆ ಮಾರಿಬಿಡಬಹುದಿತ್ತು. ಬಿಲ್ಲೆಯ ಮೇಲಿನ ನಂಬಿಕೆ ಪದಕವನ್ನು ಹುಡುಕುವ ಅಗತ್ಯವನ್ನೇ ಇಲ್ಲವಾಗಿಸಿತ್ತು. ನಕಲಿನಿಂದಾಗುವ ನಿಜವಾದ ಹಾನಿ ಇದು. ತತ್ತ್ವಾರ್ಥಸೂತ್ರ ಕೂಟಲೇಖಕ್ರಿಯೆಯನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ನಕಲಿ ವಸ್ತುವನ್ನು ಅಸಲೆಂದು ಮಾರುವ ಪ್ರತಿರೂಪಕ ವ್ಯವಹಾರವನ್ನಾದರೋ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ. ಸುಳ್ಳು ಬರಹ ಅಸತ್ಯ, ಸುಳ್ಳು ವಸ್ತುವಿನ ವ್ಯಾಪಾರ ಕಳವು. ಸಂತೆಯ ಮಾರಾಟಗಾರ ಕದ್ದದ್ದು ಹಣವನ್ನಷ್ಟೇ ಅಲ್ಲ, ಒಬ್ಬ ಸವಾರನಿಗೆ ಸಲ್ಲಬೇಕಾದ ಸಾಕ್ಷಿಯ ಸ್ಥಾನವನ್ನು.

ಪದಕ ಹೇಳುವುದು ತಾತ ಆ ಯುದ್ಧದಲ್ಲಿ ಸೇವೆ ಸಲ್ಲಿಸಿದರು ಎಂಬುದನ್ನು ಮಾತ್ರ. ಹೈಫಾದ ಆ ದಿನ ಅವರು ಅಲ್ಲಿದ್ದರೆ ಎಂಬುದನ್ನು ಅದು ಹೇಳುವುದಿಲ್ಲ. ಮಗಳು ತನ್ನ ಪ್ರಬಂಧದಲ್ಲಿ ಅಷ್ಟನ್ನೇ ಬರೆದಳು. ಬಿಲ್ಲೆಯನ್ನು ಎಸೆಯಲು ಮೇಷ್ಟ್ರು ಒಪ್ಪಲಿಲ್ಲ. ಅದರ ಕೆಳಗೆ ಚೀಟಿಯೊಂದನ್ನು ತಾವೇ ದುಂಡಗೆ ಬರೆದು ಅಂಟಿಸಿದರು: ‘ನಕಲು. ಅಣ್ಣ ತಂದದ್ದು.’