ತಾತನ ಕ್ಲೋಸ್‌ಪೇಟೆ, ಮರಿಮಗಳ ಬೆಂಗಳೂರು

ನಮ್ಮ ವಂಶದಲ್ಲಿ ಊರು ಬಿಟ್ಟವರು ಯಾರೂ ಇಲ್ಲ. ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆಯ ಬಂಡೆಗಳ ನಡುವೆ ಅದೇ ಹೆಂಚಿನ ಮನೆ, ಅದೇ ಹುಣಸೆ ಮರ. ಆದರೆ ಟ್ರಂಕಿನಲ್ಲಿರುವ ಕಾಗದಗಳನ್ನು ನಂಬುವುದಾದರೆ ನಾವು ಅಲೆಮಾರಿಗಳು. ತಾತನ ಕಂದಾಯದ ರಸೀತಿ ಕ್ಲೋಸ್‌ಪೇಟೆ ತಾಲ್ಲೂಕಿನದು, ರಾಮನಗರಕ್ಕೆ ಆಗ ಅದೇ ಹೆಸರು. ನಾನು ಹುಟ್ಟಿದ್ದು ಬೆಂಗಳೂರು ಜಿಲ್ಲೆಯಲ್ಲಿ. 1986ರಲ್ಲಿ ಜಿಲ್ಲೆ ಒಡೆದದ್ದರಿಂದ ಎಸ್ಸೆಸ್ಸೆಲ್ಸಿ ಪಾಸಾದದ್ದು ಬೆಂಗಳೂರು ಗ್ರಾಮಾಂತರದಲ್ಲಿ. 2007ರಲ್ಲಿ ರಾಮನಗರವೇ ಜಿಲ್ಲೆಯಾಯಿತು, ಆಮೇಲೆ ಹುಟ್ಟಿದ ಮಗಳು ಆ ಜಿಲ್ಲೆಯವಳು. 2025ರ ಮೇ ತಿಂಗಳಲ್ಲಿ ಅದೂ ಬೆಂಗಳೂರು ದಕ್ಷಿಣವಾಯಿತು. ಮನೆಯ ಹೊಸ್ತಿಲು ಮಾತ್ರ ಒಂದು ಗೇಣೂ ಕದಲಿಲ್ಲ.

ಕ್ಲೋಸ್ ಯಾರೆಂದು ತಾತನಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿಗೆ ಬಂದ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್. ಬೆಂಗಳೂರಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿ ಇಲ್ಲಿ ಕಾಡು ಹಾಯುತ್ತಿತ್ತು. ಅದಕ್ಕೆ ಕಾವಲಿರಲೆಂದು ದಿವಾನ್ ಪೂರ್ಣಯ್ಯ ಪೇಟೆ ಕಟ್ಟಿಸಿ, ಅದಕ್ಕೆ ಆ ಸಾಹೇಬನ ಹೆಸರಿಟ್ಟರು. ಕಾವಲಿಗೆ ಕಾವಲೂ ಆಯಿತು, ಧಣಿ ಸುಪ್ರೀತನೂ ಆದ. ಎರಡು ಮೂರು ವರ್ಷದಲ್ಲಿ ಕ್ಲೋಸ್ ಪುಣೆಗೆ ಹೋದ, 1813ರಲ್ಲಿ ತೀರಿಕೊಂಡ. ಅವನು ಸತ್ತು ನೂರು ವರ್ಷ ದಾಟಿದರೂ ನಮ್ಮ ತಾತ ಅವನ ಹೆಸರು ಹೊತ್ತ ರಸೀತಿಯನ್ನು ಮಡಿಚಿ ಜೇಬಿಗಿಡುತ್ತಿದ್ದ.

ಊರಿನ ಹೆಸರು ಕೊನೆಗೂ ಬದಲಾಯಿತು, ಬಂಡೆಯದು ಬದಲಾಗಲಿಲ್ಲ. ರಾಮದೇವರ ಬೆಟ್ಟವೂ ಸೇರಿದಂತೆ ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹಬ್ಬಿರುವ ನಮ್ಮ ಕಲ್ಲಿಗೆ ಭೂವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಇದೇ ಬೆಟ್ಟ 1975ರಲ್ಲಿ ಬಿಡುಗಡೆಯಾದ ‘ಶೋಲೆ’ಯಲ್ಲಿ ರಾಮಗಢವೂ ಆಯಿತು. ಈಗಲೂ ಬೈಕಿನಲ್ಲಿ ಬರುವ ಹುಡುಗರು ಗಬ್ಬರ್ ಸಿಂಗನ ಬಂಡೆ ಯಾವುದೆಂದು ಕೇಳುತ್ತಾರೆ. ನಮ್ಮೂರಿನವರು ಯಾವುದಾದರೊಂದು ಬಂಡೆ ತೋರಿಸಿ ಕಳಿಸುತ್ತಾರೆ.

ಕ್ಲೋಸ್‌ಪೇಟೆಯನ್ನು ರಾಮನಗರ ಮಾಡಿದ್ದು ಕೆಂಗಲ್ ಹನುಮಂತಯ್ಯನವರು ಎಂದು ನಮ್ಮ ಕಡೆ ನೆನೆಯುತ್ತಾರೆ. ಅವರು ಪಕ್ಕದ ಲಕ್ಕಪ್ಪನಹಳ್ಳಿಯವರು. ಒಂದು ಕಟ್ಟಡಕ್ಕೆ ಇಷ್ಟೊಂದು ದುಡ್ಡೇ ಎಂದು ಬೈಸಿಕೊಂಡು ವಿಧಾನಸೌಧ ಎಬ್ಬಿಸಿದರು. ಅದು ಮುಗಿದದ್ದು 1956ರಲ್ಲಿ, ಅವರು ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದೂ ಅದೇ ವರ್ಷ. ಕಟ್ಟಿದವರು ಒಬ್ಬರು, ಒಕ್ಕಲು ಬಂದವರು ಇನ್ನೊಬ್ಬರು. ಈಗ ಅವರ ಪ್ರತಿಮೆ ಅಲ್ಲಿದೆ, ಕಟ್ಟಡದ ಹೊರಗೆ. ಕಟ್ಟುವ ಆ ಹಂಬಲವನ್ನು ನಾನು ಹಂಗಿಸಲಾರೆ. ಅವರು ತಮ್ಮ ಕುರ್ಚಿಯಷ್ಟಕ್ಕೇ ಆಸೆಪಟ್ಟಿದ್ದರೆ ಕುರ್ಚಿಯೂ ಉಳಿಯುತ್ತಿರಲಿಲ್ಲ, ವಿಧಾನಸೌಧವೂ ಇರುತ್ತಿರಲಿಲ್ಲ.

ಕೆಂಪೇಗೌಡರದು ಇನ್ನೊಂದು ಬಗೆ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಅವರ ಹೆಸರಿಟ್ಟರು, 2022ರಲ್ಲಿ 108 ಅಡಿಯ ಕಂಚಿನ ಪ್ರತಿಮೆ ನಿಲ್ಲಿಸಿದರು. ಅವರ ಸಮಾಧಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆ ಎಂದು ಗುರುತಿಸಿದ್ದು ಈ ಎರಡರ ನಡುವೆ, 2015ರಲ್ಲಿ. ಅಂದರೆ ವಿಮಾನಗಳು ಅವರ ಹೆಸರಿನಲ್ಲಿ ಏಳಲು ಶುರುವಾದಾಗ ಅವರು ಮಲಗಿದ ಜಾಗ ಲೋಕಕ್ಕೆ ಗೊತ್ತಿರಲಿಲ್ಲ. ಬೆಂಗಳೂರು ಕಟ್ಟಿಸಿದವರ ಪಾಡೇ ಇದು. ಇನ್ನು ಅರ್ಧ ಗುಂಟೆಗೆ ಬಡಿದಾಡುವ ನಮ್ಮದೇನು?

ಬಡಿದಾಟ ನಮ್ಮ ಮನೆಯದೇ. ಬೆಂಗಳೂರೆಂಬ ಹೆಸರಿದ್ದರೆ ಬಂಡವಾಳ ಹರಿದು ಬರುತ್ತದೆ, ಜಮೀನಿಗೆ ಬೆಲೆ ಏರುತ್ತದೆ ಎಂದು ಜಿಲ್ಲೆಗೆ ಹೊಸ ಹೆಸರಿಟ್ಟಾಗ ಹೇಳಿದರು. ಬೆಲೆ ಏರುವ ಮೊದಲೇ ನಮ್ಮ ಜಗಲಿಯಲ್ಲಿ ದನಿ ಏರಿತು. ಬದುವಿನ ಮೇಲೆ ಕೂತು ಒಂದೇ ಬುತ್ತಿ ಉಂಡಿದ್ದ ದೊಡ್ಡಪ್ಪ, ಚಿಕ್ಕಪ್ಪ ಆ ಬದು ಯಾರದೆಂದು ತೀರ್ಮಾನಿಸಲು ಸರ್ವೆಯವರನ್ನು ಕರೆಸಿದರು. ಬಂದವರು ಪಹಣಿ ಕೇಳಿದರು. ತೆಗೆಸಿ ನೋಡಿದರೆ ಜಮೀನು ಇಬ್ಬರದೂ ಅಲ್ಲ, ಇನ್ನೂ ತಾತನದೇ! ಮಣ್ಣಾಗಿ ಮೂರು ದಶಕವಾದರೂ ಪಹಣಿಯ ಲೆಕ್ಕದಲ್ಲಿ ಆತ ಈ ವರ್ಷವೂ ರಾಗಿ ಬೆಳೆದಿದ್ದಾನೆ. ಪಿತೃಪಕ್ಷಕ್ಕೆ ತಪ್ಪದೆ ಎಡೆ ಇಟ್ಟ ಮಕ್ಕಳು ಪೌತಿ ಖಾತೆ ಮಾಡಿಸಲು ಮರೆತಿದ್ದರು.

ಖಾತೆಗೆ ವಂಶವೃಕ್ಷ ಬೇಕು. ವಂಶವೃಕ್ಷವೆಂದರೆ ಹೆಣ್ಣುಮಕ್ಕಳೂ ಬರಬೇಕು. ಕನಕಪುರಕ್ಕೆ ಕೊಟ್ಟಿದ್ದ ಅತ್ತೆ ಬೆಳಗಿನ ಬಸ್ಸಿಗೇ ಬಂದಿಳಿದು, ಜಗಲಿಯ ಮೇಲೆ ಚೀಲ ಇಟ್ಟು, “ನಾನೂ ನಮ್ಮಪ್ಪನ ಮಗಳೇ ಅಲ್ವೇನ್ರೋ?” ಅಂದರು. ಅಣ್ಣತಮ್ಮಂದಿರು ಬಹಳ ದಿನದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಿಲ್ಲೆಗೆ ಹೊಸ ಹೆಸರು ಬಂತಲ್ಲ, ಏನನ್ನಿಸುತ್ತದೆ ಎಂದು ಅತ್ತೆಯನ್ನು ಕೇಳಿದೆ. “ಏನಾರ ಇಟ್ಕಳ್ಲಿ ಕಣಪ್ಪ, ಬಸ್ಸು ಮಾತ್ರ ಹೊತ್ತಿಗೆ ಸರಿಯಾಗಿ ಬಿಡ್ಲಿ.”

ನಿಮ್ಮ ಮನೆಯ ಪಹಣಿಯಲ್ಲೂ ತೀರಿಕೊಂಡವರೇ ಬೇಸಾಯ ಮಾಡುತ್ತಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿಬನ್ನಿ. ಅಣ್ಣತಮ್ಮಂದಿರು ಇನ್ನೂ ಮಾತಾಡುತ್ತಿರುವಾಗಲೇ ಹೋಗಿ. ಅಕ್ಕತಂಗಿಯರನ್ನೂ ಕರೆದುಕೊಂಡು ಹೋಗಿ.