ಕೆಂಜಾರಿನ ಗುಡ್ಡ ಹತ್ತುವ ಮುನ್ನ

ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಿಗೆ ಗಲ್ಫ್ ಎಂಬುದು ದೂರದ ನಾಡಾಗಿ ಉಳಿದಿಲ್ಲ. ಒಂದು ಮನೆಯ ಮಗ ದಮ್ಮಾಮಿನಲ್ಲಿದ್ದರೆ ಪಕ್ಕದ ಮನೆಯ ಅಳಿಯ ಅಬುಧಾಬಿಯಲ್ಲಿರುತ್ತಾನೆ. ಆದರೂ ಮನೆಗೂ ಆ ನಾಡಿಗೂ ನಡುವೆ ಇರುವ ಮಂಗಳೂರು ವಿಮಾನ ನಿಲ್ದಾಣದ ಬಾಗಿಲಲ್ಲಿ ಮೊದಲ ಬಾರಿಗೆ ನಿಂತವರ ಮುಖದ ಕಳವಳವನ್ನು ನಾವು ಹಲವು ಸಲ ಕಂಡಿದ್ದೇವೆ. ಹುಡುಗರಿಗಿಂತ ಹೆಚ್ಚಾಗಿ ಮಗನ ಬಳಿಗೆ ಹೋಗುವ ತಾಯಂದಿರು, ಉಮ್ರಾಕ್ಕೆ ಹೊರಟ ಹಿರಿಯರು ಈ ಕಳವಳಕ್ಕೆ ಸಿಲುಕುತ್ತಾರೆ. ಮದ್ರಸದಲ್ಲಿ ಕಲಿಸುವ ನಮ್ಮ ಬಳಿಗೆ ಟಿಕೆಟ್ ಓದಿಸಿಕೊಳ್ಳಲು ಬರುವವರು ವರ್ಷವಿಡೀ ಇದ್ದಾರೆ. "ಉಸ್ತಾದರೇ, ಇದರಲ್ಲಿ ಮಂಗಳೂರಿನ ಹೆಸರೇ ಇಲ್ಲವಲ್ಲ?" ಎಂದು ಒಬ್ಬ ವೃದ್ಧರು ಗಾಬರಿಯಿಂದ ಕೇಳಿದ್ದರು. ಅಲ್ಲಿ ಇದ್ದದ್ದು ಐಎಕ್ಸ್‌ಇ ಎಂಬ ಮೂರಕ್ಷರ. ವಿಮಾನಯಾನದ ಲೆಕ್ಕದಲ್ಲಿ ಮಂಗಳೂರಿನ ಹೆಸರು ಅದೇ. ಡಿಎಕ್ಸ್‌ಬಿ ಎಂದರೆ ದುಬೈ, ಡಿಎಂಎಂ ಎಂದರೆ ದಮ್ಮಾಮ್, ಜೆಇಡಿ ಎಂದರೆ ಜಿದ್ದಾ. ಟಿಕೆಟ್ಟಿನಲ್ಲಿಯೂ ಪೆಟ್ಟಿಗೆಗೆ ಅಂಟಿಸುವ ಚೀಟಿಯಲ್ಲಿಯೂ ಇವೇ ಅಕ್ಷರಗಳು ಇರುವುದರಿಂದ ತಮಗೆ ಬೇಕಾದ ಮೂರಕ್ಷರವನ್ನು ಗುರುತಿಸಲು ಕಲಿತರೆ ಅರ್ಧ ಭಯ ಕಳೆಯುತ್ತದೆ.

ಊರಿನವರು ಇಂದಿಗೂ ಇದನ್ನು ಬಜ್ಪೆ ಎಂದೇ ಕರೆಯುತ್ತಾರೆ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಬಂದಿಳಿದು ಉದ್ಘಾಟಿಸಿದ ನಿಲ್ದಾಣ ಇದು. ಅಂದಿನ ರನ್‌ವೇ ಚಿಕ್ಕದು. 2,450 ಮೀಟರ್ ಉದ್ದದ ಎರಡನೆಯ ರನ್‌ವೇ 2006ರಲ್ಲಿ ಬಳಕೆಗೆ ಬಂದ ಬಳಿಕ, ಅದೇ ವರ್ಷದ ಅಕ್ಟೋಬರಿನಲ್ಲಿ ದುಬೈಗೆ ನೇರ ವಿಮಾನ ಆರಂಭವಾಯಿತು. ಅದಕ್ಕೆ ಮೊದಲು ನಮ್ಮ ತಂದೆಯರ ತಲೆಮಾರಿನವರು ಮುಂಬಯಿಗೋ ಕಲ್ಲಿಕೋಟೆಗೋ ಹೋಗಿ, ಅಲ್ಲಿ ಪರಿಚಯದವರ ಕೋಣೆಯಲ್ಲಿ ತಂಗಿ ಪ್ರಯಾಣ ಮಾಡುತ್ತಿದ್ದರು. ಈಗಿನ ಟರ್ಮಿನಲ್ ಕೆಂಜಾರಿನ ಕಡೆಯಲ್ಲಿ 2010ರಲ್ಲಿ ತೆರೆಯಿತು. 2020ರ ಅಕ್ಟೋಬರ್ ಕೊನೆಯಿಂದ ನಿರ್ವಹಣೆ ಖಾಸಗಿಯವರದು. ಬೆಂಗಳೂರಿನ ನಿಲ್ದಾಣದಂತೆ ಮೈಲುಗಟ್ಟಲೆ ನಡೆಯಬೇಕಾದ ಜಾಗವಲ್ಲ ಇದು. ಒಂದೇ ಟರ್ಮಿನಲ್; ದೇಶದೊಳಗಿನ ಪ್ರಯಾಣಿಕರಿಗೂ ಹೊರದೇಶದವರಿಗೂ ಅದೇ ಕಟ್ಟಡ. ದಾರಿ ತಪ್ಪುವ ಭಯ ಇಲ್ಲಿ ಕಡಿಮೆ, ಹೊತ್ತು ತಪ್ಪುವ ಭಯವೇ ಹೆಚ್ಚು.

ಹೊತ್ತು ತಪ್ಪುವುದು ಹೆಚ್ಚಾಗಿ ರಸ್ತೆಯಲ್ಲಿ. ಕಾಸರಗೋಡು, ಉಳ್ಳಾಲದ ಕಡೆಯಿಂದ ಬರುವವರು ನೇತ್ರಾವತಿ ಸೇತುವೆ ದಾಟಿ, ಪಂಪ್‌ವೆಲ್, ನಂತೂರು, ಕೊಟ್ಟಾರ ಚೌಕಿಗಳ ವಾಹನ ದಟ್ಟಣೆಯನ್ನು ಹಾದು, ಕಾವೂರಿನ ಮೂಲಕ ಮರವೂರು ಸೇತುವೆಗೆ ಬರಬೇಕು. ಸೇತುವೆ ಕಳೆದ ಮೇಲೆ ಕೆಂಜಾರಿನಲ್ಲಿ ಗುಡ್ಡ ಹತ್ತುವ ದಾರಿ. ನಗರದಿಂದ ದೂರ ಹದಿಮೂರು ಹದಿನಾಲ್ಕು ಕಿಲೋಮೀಟರ್ ಅಷ್ಟೇ, ಆದರೆ ಮಳೆಗಾಲದ ಸಂಜೆ ಆ ಲೆಕ್ಕ ನಡೆಯುವುದಿಲ್ಲ. ಹೊರದೇಶಕ್ಕಾದರೆ ಮೂರು ಗಂಟೆ ಮೊದಲು, ದೇಶದೊಳಗಾದರೆ ಎರಡು ಗಂಟೆ ಮೊದಲು ಬಾಗಿಲಲ್ಲಿರಬೇಕು. ಚೆಕ್-ಇನ್ ಕೌಂಟರನ್ನು ಸಾಮಾನ್ಯವಾಗಿ ವಿಮಾನ ಹೊರಡುವುದಕ್ಕೆ ಒಂದು ಗಂಟೆ ಇರುವಾಗಲೇ ಮುಚ್ಚುತ್ತಾರೆ. ಮುಚ್ಚಿದ ಮೇಲೆ ಅಲ್ಲಿ ಅತ್ತರೂ ಫಲವಿಲ್ಲ. ಬೀಳ್ಕೊಡಲು ಎರಡು ಜೀಪು ತುಂಬ ಬಂಧುಗಳನ್ನು ಕರೆತರುವ ರೂಢಿಯೂ ಈ ವಿಳಂಬಕ್ಕೆ ಒಂದು ಕಾರಣ. ಟರ್ಮಿನಲ್ಲಿನ ಬಾಗಿಲಿನಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಟಿಕೆಟ್ ಮತ್ತು ಪಾಸ್‌ಪೋರ್ಟ್ ನೋಡಿ ಪ್ರಯಾಣಿಕನನ್ನು ಮಾತ್ರ ಒಳಗೆ ಬಿಡುತ್ತಾರೆ. ತಬ್ಬಿ ಅಳುವುದನ್ನು ಮನೆಯಂಗಳದಲ್ಲಿಯೇ ಮುಗಿಸಿ ಬರುವುದು ಲೇಸು ಎಂಬುದು ನಮ್ಮ ಅಭಿಪ್ರಾಯ. ಇದಕ್ಕಾಗಿ ನಮ್ಮನ್ನು ಕಲ್ಲೆದೆಯವರು ಎಂದವರಿದ್ದಾರೆ.

ಒಳಗಿನ ಕ್ರಮ ಹೀಗೆ: ಮೊದಲು ವಿಮಾನ ಕಂಪನಿಯ ಕೌಂಟರಿನಲ್ಲಿ ದೊಡ್ಡ ಪೆಟ್ಟಿಗೆಯನ್ನು ಒಪ್ಪಿಸಿ ಬೋರ್ಡಿಂಗ್ ಪಾಸ್ ಪಡೆಯುವುದು, ಬಳಿಕ ಹೊರದೇಶದವರಿಗೆ ಇಮಿಗ್ರೇಷನ್, ಅನಂತರ ಸೆಕ್ಯುರಿಟಿ ತಪಾಸಣೆ, ಕೊನೆಗೆ ಗೇಟ್. ನಡೆಯಲು ಕಷ್ಟವಿರುವ ಹಿರಿಯರಿಗೆ ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಕೇಳಬೇಕು. "ನಾನೇನು ರೋಗಿಯೇ?" ಎಂದು ನಮ್ಮ ತಾಯಂದಿರು ಸಂಕೋಚಪಡುತ್ತಾರೆ. ಅದು ರೋಗಿಗಳಿಗೆಂದೇ ಇಟ್ಟದ್ದಲ್ಲ. ಕುರ್ಚಿ ತಳ್ಳುವವರು ಎಲ್ಲ ಸಾಲುಗಳನ್ನೂ ದಾಟಿಸಿ ವಿಮಾನದವರೆಗೆ ತಲುಪಿಸುವುದರಿಂದ, ಭಾಷೆ ಬಾರದ ಒಂಟಿ ಪ್ರಯಾಣಿಕರಿಗೆ ಅದಕ್ಕಿಂತ ದೊಡ್ಡ ಆಸರೆ ಬೇರೆ ಇಲ್ಲ.

ಪೆಟ್ಟಿಗೆಯ ವಿಷಯವನ್ನು ತುಸು ವಿಸ್ತಾರವಾಗಿ ಹೇಳಲೇಬೇಕು. ಒಣಕೊಬ್ಬರಿಯನ್ನು ಕೌಂಟರಿನಲ್ಲಿ ಒಪ್ಪಿಸುವ ಲಗೇಜಿನಲ್ಲಿ ಇಡುವಂತಿಲ್ಲ. ಎಣ್ಣೆಯಂಶದಿಂದಾಗಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದಿದೆ. ತೆಂಗಿನ ನಾಡಿನವರಾದ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು. ಉಪ್ಪಿನಕಾಯಿ, ತುಪ್ಪ, ಎಣ್ಣೆಗಳು ಕೈಚೀಲದಲ್ಲಿ ನಿಲ್ಲವು. ಹೊರದೇಶದ ವಿಮಾನಗಳಲ್ಲಿ ದ್ರವ ಪದಾರ್ಥದ ಒಂದೊಂದು ಬಾಟಲಿಯೂ 100 ಮಿಲಿಲೀಟರ್ ಮೀರಬಾರದು. ಇವೆಲ್ಲ ತಪ್ಪಿದರೆ ಆಗುವ ನಷ್ಟ ಒಂದು ಡಬ್ಬಿ ಉಪ್ಪಿನಕಾಯಿಯದು. ಗಸಗಸೆಯ ವಿಷಯ ಹಾಗಲ್ಲ. ನಮ್ಮಲ್ಲಿ ಕುರ್ಮಾಕ್ಕೂ ಪಾಯಸಕ್ಕೂ ಅರೆದು ಹಾಕುವ ಈ ಕಾಳು ಅಫೀಮಿನ ಗಿಡದ್ದು ಎಂಬ ಕಾರಣಕ್ಕೆ ಯುಎಇ ಮತ್ತು ಸೌದಿ ಅರೇಬಿಯಾಗಳಲ್ಲಿ ನಿಷಿದ್ಧ. ಅಲ್ಲಿನ ಕಾನೂನಿಗೆ ಅಡುಗೆಮನೆಯ ಸಮಜಾಯಿಷಿ ಒಪ್ಪಿಗೆಯಾಗದು, ಜೈಲು ಕಂಡವರಿದ್ದಾರೆ. ಟ್ರಾಮಡಾಲ್‌ನಂಥ ನೋವಿನ ಮಾತ್ರೆಗಳು, ಕೊಡೀನ್ ಇರುವ ಕೆಮ್ಮಿನ ಔಷಧಗಳು ಅಲ್ಲಿ ಹತೋಟಿಗೆ ಒಳಪಟ್ಟವು. ಯಾವುದೇ ಔಷಧಿಯನ್ನು ಅಂಗಡಿಯ ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಂದಿಗೆ ಒಯ್ಯಬೇಕು. ಇಂಥ ಹತೋಟಿಯ ಔಷಧಿಯಾದರೆ ಆ ದೇಶದ ಅನುಮತಿಯನ್ನು ಮೊದಲೇ ವಿಚಾರಿಸಬೇಕು.

ಇದಕ್ಕಿಂತಲೂ ನಮ್ಮನ್ನು ಕಾಡುವುದು ಇನ್ನೊಬ್ಬರ ಪೊಟ್ಟಣ. ಪ್ರಯಾಣದ ಹಿಂದಿನ ರಾತ್ರಿ ನೆರೆಕರೆಯವರು ಬರುತ್ತಾರೆ. "ಮೋನೇ, ನಮ್ಮ ಹುಡುಗನಿಗೆ ಇದೊಂದು ಕೊಟ್ಟುಬಿಡು, ಅವನೇ ಬಂದು ತೆಗೆದುಕೊಳ್ಳುತ್ತಾನೆ" ಎನ್ನುತ್ತಾರೆ. ಇಲ್ಲ ಎನ್ನಲು ನಮ್ಮ ಹುಡುಗರಿಗೆ ಬಾಯಿ ಬರುವುದಿಲ್ಲ. ಒಬ್ಬರ ಅಮಾನತ್ ಒಯ್ದು ತಲುಪಿಸುವುದು ಪುಣ್ಯದ ಕೆಲಸವೆಂದು ಅವರಿಗೆ ಹೇಳಿಕೊಟ್ಟವರು ನಮ್ಮಂಥವರೇ. ಆದರೆ ಕೌಂಟರಿನಲ್ಲಿ ಕೇಳುವ ಪ್ರಶ್ನೆ, ಈ ಪೆಟ್ಟಿಗೆಯನ್ನು ತುಂಬಿದವರು ನೀವೇ ತಾನೇ ಎಂದು. ಹೌದು ಎಂದ ಕ್ಷಣದಿಂದ ಒಳಗಿರುವ ಪ್ರತಿಯೊಂದು ಕಾಳಿಗೂ ಅವನೇ ಹೊಣೆ. ಒಳಗೇನಿದೆ ಎಂದು ತಿಳಿಯದ ವಸ್ತುವಿನ ಅಮಾನತ್ತನ್ನು ವಹಿಸಿಕೊಳ್ಳುವುದಾದರೂ ಹೇಗೆ? ಕೊಟ್ಟವರ ಎದುರಿನಲ್ಲಿಯೇ ಬಿಚ್ಚಿ, ನೋಡಿ, ಮತ್ತೆ ಕಟ್ಟಬೇಕು. ಅದು ಸಂಶಯವಲ್ಲ, ವಹಿಸಿಕೊಳ್ಳುವ ರೀತಿ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹಾಗೆ ಬಿಚ್ಚಿದಾಗ ಮಸಾಲೆ ಪುಡಿಗಳ ನಡುವೆ ಒಂದು ಸಣ್ಣ ಗಸಗಸೆಯ ಪೊಟ್ಟಣ ಸಿಕ್ಕಿತು. ಕಟ್ಟಿಕೊಟ್ಟವರು ಅವನ ಸ್ವಂತ ಚಿಕ್ಕಮ್ಮ. ಅವರ ಮನಸ್ಸಿನಲ್ಲಿ ಕಪಟದ ಸುಳಿವೂ ಇರಲಿಲ್ಲ. ಅವರು ಎರಡು ದಿನ ಮುನಿಸಿಕೊಂಡಿದ್ದರಂತೆ. ಅವನು ಮಾತ್ರ ನೆಮ್ಮದಿಯಿಂದ ದುಬೈಯಲ್ಲಿ ಇಳಿದ. ಬಿಚ್ಚಲು ಒಪ್ಪದವರ ಪೊಟ್ಟಣವನ್ನು, ಅವರು ಎಷ್ಟೇ ಹತ್ತಿರದವರಾಗಿರಲಿ, ಒಯ್ಯಬಾರದು.

ಇಮಿಗ್ರೇಷನ್ ಮೇಜಿನ ಮುಂದೆ ಹೆಚ್ಚು ತೊಂದರೆಗೆ ಸಿಲುಕುವವರು ಹತ್ತನೆಯ ತರಗತಿ ಮುಗಿಸದ ಹುಡುಗರು. ಅವರ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದು. ಗಲ್ಫ್ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವಾಗ ಅಂಥವರು ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ಸರಕಾರದ ವಲಸೆ ಅನುಮತಿ ಪಡೆಯಬೇಕು. ಉಮ್ರಾಕ್ಕೋ ಮಗನನ್ನು ನೋಡಲೋ ಹೋಗುವವರಿಗೆ ಅದು ಬೇಕಿಲ್ಲ. ಈ ಸಂದಿನಲ್ಲಿಯೇ ಏಜೆಂಟರು ನುಸುಳುತ್ತಾರೆ: ವಿಸಿಟ್ ವೀಸಾದಲ್ಲಿ ಹೋಗು, ಕೇಳಿದರೆ ಅಣ್ಣನನ್ನು ನೋಡಲು ಎನ್ನು, ಅಲ್ಲಿ ಹೋದ ಮೇಲೆ ಕೆಲಸ ಕೊಡಿಸೋಣ. ಸುಳ್ಳಿನ ಮಾತು ಒಂದು ಕಡೆ ಇರಲಿ. ಸರಿಯಾದ ದಾರಿಯಲ್ಲಿ ಹೋಗುವ ಇಸಿಆರ್ ಕಾರ್ಮಿಕನಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಮರಣ ಹೊಂದಿದರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂಪಾಯಿಗಳ ವಿಮೆ ಅದರಲ್ಲಿದೆ. ಕಳ್ಳದಾರಿಯಲ್ಲಿ ಹೋದವನ ಹೆಂಡತಿ ಮಕ್ಕಳಿಗೆ ಅದೂ ಇಲ್ಲ, ಅವನ ಕೆಲಸದ ಕರಾರು ಯಾವ ಕಚೇರಿಯಲ್ಲಿಯೂ ದಾಖಲಾಗಿರುವುದೂ ಇಲ್ಲ. ಏಜೆಂಟನ ಫೋನು ಆಗ ಮೊಳಗುವುದೂ ಇಲ್ಲ.

ಸೆಕ್ಯುರಿಟಿಯಲ್ಲಿ ಬುರ್ಖಾ ಧರಿಸಿದ ಸಹೋದರಿಯರು ಅಂಜಬೇಕಾದ್ದಿಲ್ಲ. ಮಹಿಳೆಯರ ತಪಾಸಣೆಯನ್ನು ಪರದೆಯ ಹಿಂದೆ ಮಹಿಳಾ ಸಿಬ್ಬಂದಿಯೇ ಮಾಡುತ್ತಾರೆ. ಪಾಸ್‌ಪೋರ್ಟಿನ ಚಿತ್ರದೊಂದಿಗೆ ಮುಖವನ್ನು ಹೋಲಿಸಿ ನೋಡಬೇಕಾದಾಗ ಮಹಿಳಾ ಅಧಿಕಾರಿಯನ್ನು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ವಿನಯದಿಂದ ಕೇಳಿದರೆ ಆಯಿತು. ಮುಖ ತೋರಿಸುವುದಿಲ್ಲವೆಂದು ವಾದಕ್ಕೆ ನಿಲ್ಲುವುದು ಬೇಡ.

ತಪಾಸಣೆ ಮುಗಿದು ಗೇಟಿನ ಬಳಿ ಕುಳಿತಾಗ ನಮಾಝಿನ ಯೋಚನೆ ಬರುತ್ತದೆ. ದೀರ್ಘ ಪ್ರಯಾಣದ ಉದ್ದೇಶದಿಂದ ತನ್ನ ಊರಿನ ಎಲ್ಲೆ ದಾಟಿ ಬಂದವನಿಗೆ ಖಸ್ರ್ ಮತ್ತು ಜಮ್ಅ್‌ಗಳ ಸೌಲಭ್ಯವಿದೆ. ವಿಮಾನ ಹತ್ತುವ ಮೊದಲೇ, ಜನರ ದಾರಿಗೆ ಅಡ್ಡವಾಗದ ಮೂಲೆಯಲ್ಲಿ ಮುಗಿಸಿಕೊಂಡರೆ ಮನಸ್ಸು ಹಗುರ. ಕೈತೊಳೆಯುವ ಬೇಸಿನ್ನಿಗೆ ಕಾಲೆತ್ತಿಟ್ಟು ನೆಲವನ್ನೆಲ್ಲ ಒದ್ದೆ ಮಾಡುವ ವುಝೂ ಮಾತ್ರ ನಮಗೆ ಸರಿ ಕಾಣುವುದಿಲ್ಲ. ಹಿಂದೆ ಬರುವ ವೃದ್ಧ ಅಲ್ಲಿ ಜಾರಿ ಬೀಳಬಹುದು. ಖಾಲಿ ಬಾಟಲಿಯೊಂದನ್ನು ಜೊತೆಗೆ ಇಟ್ಟುಕೊಂಡರೆ ಆ ಪ್ರಸಂಗವೇ ಬಾರದು. ಉಮ್ರಾಕ್ಕೆ ಹೊರಟವರಿಗೆ ಇನ್ನೊಂದು ಮಾತು: ಜಿದ್ದಾದಲ್ಲಿ ಇಳಿಯುವವರಿಗೆ ಮೀಖಾತ್ ಆಕಾಶದಲ್ಲಿಯೇ ದಾಟಿಹೋಗುತ್ತದೆ. ಆದುದರಿಂದ ಇಹ್ರಾಮಿನ ಬಟ್ಟೆ ಕೈಚೀಲದಲ್ಲಿರಬೇಕು. ಕೌಂಟರಿನಲ್ಲಿ ಒಪ್ಪಿಸಿದ ಪೆಟ್ಟಿಗೆ ಮತ್ತೆ ಕೈಗೆ ಸಿಗುವುದು ಜಿದ್ದಾದಲ್ಲಿಯೇ.

ಇನ್ನು ಆ ಗುಡ್ಡದ ಬಗ್ಗೆ. ಗುಡ್ಡದ ತಲೆಯನ್ನು ಸಮ ಮಾಡಿ ರಚಿಸಿದ ರನ್‌ವೇ ಇದು; ಟೇಬಲ್‌ಟಾಪ್ ಎನ್ನುತ್ತಾರೆ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ರನ್‌ವೇಯ ಕೊನೆಯನ್ನು ದಾಟಿ ಕೆಳಗಿನ ಕಣಿವೆಗೆ ಉರುಳಿ ಹೊತ್ತಿಕೊಂಡಿತು. 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ರಜೆಗೆ ಬರುತ್ತಿದ್ದವರು, ಮದುವೆಗೆ ಬರುತ್ತಿದ್ದವರು ಅವರಲ್ಲಿದ್ದರು. ಗುರುತು ಹಿಡಿಯಲಾಗದ ದೇಹಗಳನ್ನು ಮಣ್ಣು ಮಾಡಿದ್ದು ಕೂಳೂರಿನ ಬಳಿ ಫಲ್ಗುಣಿ ನದಿಯ ದಡದಲ್ಲಿ; ಅಲ್ಲಿ ಈಗ ಸ್ಮಾರಕವಿದೆ. ಆ ದಿನದ ನೆನಪಿನಿಂದ ಇಂದಿಗೂ ಕೆಲವರು ಬಜ್ಪೆಯಲ್ಲಿ ಇಳಿಯಲು ಹೆದರಿ ಕಣ್ಣೂರಿಗೆ ಟಿಕೆಟ್ ಮಾಡಿಸುತ್ತಾರೆ. ಕಣ್ಣೂರಿನಿಂದ ಮನೆಯವರೆಗಿನ ಹೆದ್ದಾರಿಯ ಅಪಾಯವನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದು ಉಳಿದವರು ಒಡೆದ ವಿಮಾನದ ಬಿರುಕಿನಿಂದ ಕ್ಷಣಮಾತ್ರದಲ್ಲಿ ಹೊರಗೆ ಜಿಗಿದವರು. ಆದುದರಿಂದ ನಾವು ಹೇಳುವುದಿಷ್ಟು: ವಿಮಾನ ಪೂರ್ತಿ ನಿಲ್ಲುವವರೆಗೆ ಬೆಲ್ಟ್ ಬಿಚ್ಚಬಾರದು, ಚಕ್ರ ನೆಲ ಮುಟ್ಟಿದೊಡನೆ ಎದ್ದು ಚೀಲ ಇಳಿಸುವ ಅಭ್ಯಾಸ ನಮ್ಮವರು ಬಿಡಬೇಕು. ಪತ್ರಿಕೆಗಳು ಗಗನಸಖಿ ಎಂದು ಕರೆಯುವ, ಆದರೆ ನಮ್ಮಲ್ಲಿ ಯಾರೂ ಹಾಗೆ ಕರೆಯದ ಆ ಹುಡುಗಿ ಹೊರಬಾಗಿಲುಗಳನ್ನು ತೋರಿಸುವಾಗ ಒಂದು ನಿಮಿಷ ಫೋನು ಕೆಳಗಿಡಬೇಕು.

ಮಳೆಗಾಲದಲ್ಲಿ ಮೋಡ ಗುಡ್ಡಕ್ಕೆ ಕವಿದರೆ ವಿಮಾನ ಇಲ್ಲಿ ಇಳಿಯದೆ ಬೆಂಗಳೂರಿಗೋ ಕೊಚ್ಚಿಗೋ ತಿರುಗುವುದುಂಟು. ಆಗ ಒಳಗೆ ಗದ್ದಲ ಏಳುತ್ತದೆ. ಇಳಿಯಲಾರೆ ಎಂದು ಹಿಂದಿರುಗುವ ಪೈಲಟ್ ನಮ್ಮ ಹಿತೈಷಿ. ಕೈಚೀಲದಲ್ಲಿ ಒಂದು ದಿನದ ಮಾತ್ರೆ, ತುಸು ತಿಂಡಿ, ಫೋನಿನ ಚಾರ್ಜರ್ ಇದ್ದರೆ ಸಾಕು. ಕರೆದೊಯ್ಯಲು ಬಂದವರು ಕೆಂಜಾರಿನಲ್ಲಿ ಕಾಯುತ್ತ ಮನೆಗೆ ಗಾಬರಿಯ ಸುದ್ದಿ ಕಳುಹಿಸದಿರಲಿ.

ಮರಳಿ ಬರುವವರಿಗೆ ಕೊನೆಯ ಬಾಗಿಲು ಕಸ್ಟಮ್ಸ್. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದು ಬರುವ ಭಾರತೀಯರಿಗೆ ಸುಂಕವಿಲ್ಲದೆ ತರಲು ಇರುವ ಚಿನ್ನಾಭರಣದ ಮಿತಿ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ. ಆಭರಣಕ್ಕಷ್ಟೇ ಈ ಮಾತು, ಬಿಸ್ಕತ್ತಿಗೆ ಅಲ್ಲ. ಹೆಚ್ಚಿದ್ದರೆ ಕೆಂಪು ದಾರಿಯಲ್ಲಿ ಹೋಗಿ ಹೇಳಿ ಸುಂಕ ಕಟ್ಟಬೇಕು. ಟಿಕೆಟ್ ಹಣ ಕೊಡುತ್ತೇವೆ, ಈ ಒಂದು ಪೊಟ್ಟಣ ದಾಟಿಸಿಬಿಡು ಎನ್ನುವವರು ಅಲ್ಲಿಯೂ ಸಿಗುತ್ತಾರೆ; ಕೆಲಸ ಕಳೆದುಕೊಂಡು ಬರಿಗೈಯಲ್ಲಿ ಹಿಂದಿರುಗುವ ಹುಡುಗರನ್ನೇ ಅವರು ಹುಡುಕುತ್ತಾರೆ. ಸಿಕ್ಕಿಬಿದ್ದಾಗ ಪತ್ರಿಕೆಯಲ್ಲಿ ಬರುವುದು ಹುಡುಗನ ಹೆಸರು ಮತ್ತು ಊರು, ಕಳುಹಿಸಿದವನದ್ದಲ್ಲ. ಇದನ್ನು ಹೊರಡುವ ದಿನವೇ ಹುಡುಗರಿಗೆ ಹೇಳಿ ಕಳುಹಿಸಬೇಕು. ಲಗೇಜ್ ಬೆಲ್ಟಿನಲ್ಲಿ ಹಗ್ಗ ಸುತ್ತಿದ, ಒಂದೇ ಬಣ್ಣದ ಪೆಟ್ಟಿಗೆಗಳು ಸಾಲಾಗಿ ಬರುತ್ತವೆ. ಎತ್ತಿಕೊಳ್ಳುವ ಮೊದಲು ಚೀಟಿಯ ಸಂಖ್ಯೆಯನ್ನು ಬೋರ್ಡಿಂಗ್ ಪಾಸಿಗೆ ಅಂಟಿಸಿ ಕೊಟ್ಟ ತುಂಡಿನೊಂದಿಗೆ ಹೋಲಿಸಿ ನೋಡಬೇಕು. ಪೆಟ್ಟಿಗೆ ಬಾರದಿದ್ದರೆ ಹೊರಗೆ ಹೋಗುವ ಮುನ್ನವೇ ವಿಮಾನ ಕಂಪನಿಯವರಿಗೆ ತಿಳಿಸಿ, ದೂರಿನ ಪ್ರತಿಯನ್ನು ಬರಹದಲ್ಲಿ ಪಡೆದುಕೊಳ್ಳಬೇಕು.