ಅಜ್ಜಿಯ ಬೇವಿಗೆ ಅಳತೆ ಇತ್ತು

ಯುಗಾದಿ ಹತ್ತಿರ ಬಂತೆಂದರೆ ಮೊಬೈಲಿನಲ್ಲಿ ಬೇವಿನ ಸುರಿಮಳೆ. ಬರಿಹೊಟ್ಟೆಯಲ್ಲಿ ಎಲೆ ಅಗಿದರೆ ಸಕ್ಕರೆ ಕಾಯಿಲೆ ಮಾಯ, ರಸ ಕುಡಿದರೆ ಕ್ಯಾನ್ಸರ್ ಹತ್ತಿರ ಸುಳಿಯದು, ಎಣ್ಣೆ ಹಚ್ಚಿದರೆ ಬೋಳುತಲೆಯಲ್ಲೂ ಪೈರು! ಕೆಳಗೆ ಕೈಮುಗಿದ ಚಿತ್ರ, ‘ಇದು ನಮ್ಮ ಹಿರಿಯರ ಜ್ಞಾನ, ಹತ್ತು ಮಂದಿಗೆ ಕಳಿಸಿ’ ಎಂಬ ಅಪ್ಪಣೆ. ಕಳಿಸುವವರು ನನ್ನ ಪ್ರೀತಿಯ ಬಂಧುಗಳೇ, ನನಗೆ ಒಳ್ಳೆಯದಾಗಲೆಂದೇ ಕಳಿಸುತ್ತಾರೆ. ಆದರೂ ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ನಾನು ಕಂಡ ಹಿರಿಯರಲ್ಲಿ ಬೇವನ್ನು ಚೆನ್ನಾಗಿ ಬಲ್ಲವಳು ನಮ್ಮಜ್ಜಿ. ಆಕೆ ಇಂಥ ಮಾತು ಆಡಿದವಳೇ ಅಲ್ಲ.

ನಮ್ಮದು ಗದಗ ಸೀಮೆ. ಅಲ್ಲಿ ಬೇವು ಊರಿನ ಹೆಸರಾಗಿದೆ, ಮನೆತನದ ಹೆಸರಾಗಿದೆ. ಬೇವೂರು, ಬೇವಿನಹಳ್ಳಿ, ಬೇವಿನಮರದ, ಬೇವಿನಕಟ್ಟಿ ಎಂದು ಶಾಲೆಯ ಹಾಜರಿ ಪುಸ್ತಕದಲ್ಲೇ ಒಂದು ತೋಪು ಬೆಳೆಸಬಹುದು. ಊರ ಕಟ್ಟೆಯ ಮೇಲೆ ಅರಳಿಗೂ ಬೇವಿಗೂ ಮದುವೆ ಮಾಡಿಸಿ, ಬುಡದಲ್ಲಿ ನಾಗರಕಲ್ಲು ನಿಲ್ಲಿಸುತ್ತಾರೆ. ಬಿಸಿಲ ನಾಡಿನಲ್ಲಿ ಚೈತ್ರದ ಹೊತ್ತಿಗೆ ಹೊಸ ಚಿಗುರು, ಹೂವು ಹೊತ್ತು ನೆರಳು ಕೊಡುವ ಮರಕ್ಕೆ ಆ ಮರ್ಯಾದೆ ಸಲ್ಲಲೇಬೇಕು.

ಅಜ್ಜಿಯ ಬೇವು ಹೆಚ್ಚಾಗಿ ಬಾಯಿಯ ಹೊರಗೇ ಕೆಲಸ ಮಾಡುತ್ತಿತ್ತು. ನೆರಳಲ್ಲಿ ಒಣಗಿಸಿದ ಎಲೆಯನ್ನು ಜೋಳದ ಕಣಜದಲ್ಲಿ ಪದರ ಪದರವಾಗಿ ಹಾಕುತ್ತಿದ್ದಳು, ನುಸಿ ಬೀಳಬಾರದೆಂದು. ಬಿತ್ತನೆಯ ಕಾಳಿಗೆ ಎಲೆಯ ಜೊತೆ ಬೂದಿಯೂ ಸೇರುತ್ತಿತ್ತು. ಕಂಬಳಿಯ ಮಡಿಕೆಯಲ್ಲಿ, ರೇಷ್ಮೆ ಸೀರೆಯ ಟ್ರಂಕಿನಲ್ಲಿ ಅದೇ ಎಲೆ. ಸಂಜೆ ದನದ ಕೊಟ್ಟಿಗೆಯಲ್ಲಿ ಹಸಿ ಸೊಪ್ಪಿನ ಹೊಗೆ. ಎತ್ತಿನ ಹೆಗಲು ನೊಗ ತಾಗಿ ಹುಣ್ಣಾದರೆ ನೊಣ ಕೂರದಂತೆ ಬೇವಿನೆಣ್ಣೆ. ಎಣ್ಣೆ ತೆಗೆದು ಉಳಿದ ಹಿಂಡಿ ಹೊಲಕ್ಕೆ. ಮನುಷ್ಯರ ಪಾಲಿಗೆ ಬಂದದ್ದು ಹಲ್ಲುಜ್ಜುವ ಕಡ್ಡಿ, ಕಜ್ಜಿಗೆ ಅರಿಸಿನದ ಜೊತೆ ಅರೆದ ಎಲೆ, ತಲೆಯ ಹೇನಿಗೆ ಎಣ್ಣೆ.

ಹೊಟ್ಟೆಗೆ ಹೋಗುತ್ತಿದ್ದದ್ದು ಯುಗಾದಿಯ ದಿನ. ನಮ್ಮ ಕಡೆ ಬೇವು ತಿನ್ನುವುದಲ್ಲ, ಕುಡಿಯುವುದು. ಬೆಲ್ಲದ ನೀರು, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ದ್ರಾಕ್ಷಿ, ಗೋಡಂಬಿ ಎಲ್ಲ ಕೂಡಿದ ಆ ಪಾನಕಕ್ಕೆ ಬೇವಿನ ಹೂವು ಬೀಳುವುದು ಚಿಟಿಕೆಯಷ್ಟು. ಮನೆಯಲ್ಲಿ ಬಸುರಿ ಇದ್ದರೆ ಆಕೆಗೆ ಬೇವಿನ ಕಷಾಯವಾಗಲಿ ಎಣ್ಣೆಯಾಗಲಿ ಇಲ್ಲವೇ ಇಲ್ಲ. ಕೂಸಿಗೂ ಅಷ್ಟೆ. ‘ಬಾಯಿಗೆ ಮುಟ್ಟಿಸಬ್ಯಾಡವಾ, ಮೈಮ್ಯಾಲಿನ ಗಾಯಕ್ಕಷ್ಟ ಅದು’ ಎಂದು ಸೊಸೆಯಂದಿರಿಗೆ ಕಟ್ಟಪ್ಪಣೆ. ಮಲೇಷ್ಯಾದಲ್ಲಿ ಸಣ್ಣಪುಟ್ಟ ಕಾಯಿಲೆಗೆಂದು ಬೇವಿನೆಣ್ಣೆ ಕುಡಿಸಿದ ಎಳೆಗೂಸುಗಳು ವಾಂತಿ, ಮಂಪರು, ಸೆಳವು ಬಂದು ಆಸ್ಪತ್ರೆ ಸೇರಿದ್ದನ್ನು ವೈದ್ಯರು 1981ರಲ್ಲಿ ವರದಿ ಮಾಡಿದರು. ಓದಲು ಬಾರದ ಅಜ್ಜಿಗೆ ಆ ವರದಿ ಬೇಕಿರಲಿಲ್ಲ.

ಮನೆಗೆ ‘ಅಮ್ಮ’ ಬಂದಾಗಲೂ ಹಾಗೆಯೇ. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಬಾಗಿಲಿಗೆ ಬೇವಿನ ತೊಪ್ಪಲು ಸಿಕ್ಕಿಸುತ್ತಿದ್ದರು. ಅದನ್ನು ಕಂಡ ನೆರೆಯವರು ಹೊಸ್ತಿಲ ಆಚೆಯೇ ನಿಂತು ಮಾತಾಡಿ ಹೋಗುವರು. ಕೆರೆದುಕೊಳ್ಳುವ ಮಗುವಿನ ಮೈಮೇಲೆ ಎಳೆ ತೊಪ್ಪಲು ಆಡಿಸುವುದು, ಗುಳ್ಳೆ ಒಣಗಿದ ಮೇಲೆ ಬೇವಿನೆಲೆ ಕುದಿಸಿದ ನೀರಲ್ಲಿ ಎರೆಯುವುದು. ಇದರಿಂದ ಮಗುವಿಗೆ ಹಿತವಿತ್ತು, ಊರಿಗೆ ಎಚ್ಚರವಿತ್ತು. ಆದರೆ ಸಿಡುಬು ನಾಡು ಬಿಟ್ಟದ್ದು ಲಸಿಕೆಯಿಂದ. ಭಾರತದಲ್ಲಿ ಅದರ ಕೊನೆಯ ಪ್ರಕರಣ 1975ರದು. ಬೇವಿನ ಮೇಲಿನ ಅಭಿಮಾನಕ್ಕೆ ಆ ಸತ್ಯವನ್ನು ಮುಚ್ಚಿಡುವುದು ಬೇವಿಗೂ ಮರ್ಯಾದೆಯಲ್ಲ.

ಕಣಜದ ನುಸಿಯ ವಿಷಯ ಮಾತ್ರ ಅಜ್ಜಿಯ ಅಟ್ಟದಿಂದ ಬಹಳ ದೂರ ಹೋಯಿತು. 1959ರಲ್ಲಿ ಸುಡಾನಿನಲ್ಲಿ ಮಿಡತೆಯ ದಂಡು ಬಂದು ಹಸಿರೆಲ್ಲ ಬೋಳಿಸಿದಾಗ, ಹೈನ್ರಿಕ್ ಶ್ಮುಟೆರರ್ ಎಂಬ ಜರ್ಮನ್ ಕೀಟವಿಜ್ಞಾನಿ ಎಲೆ ಉಳಿಸಿಕೊಂಡು ನಿಂತ ಬೇವನ್ನು ಕಂಡು ಬೆರಗಾದರು. 1968ರಲ್ಲಿ ಇಂಗ್ಲೆಂಡಿನಲ್ಲಿ ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ತಾಗಿದರೆ ಹುಳ ಮೇಯುವುದನ್ನೇ ಬಿಡುತ್ತದೆ, ಪೊರೆ ಕಳಚಲಾಗದೆ ಬೆಳವಣಿಗೆ ನಿಲ್ಲುತ್ತದೆ. ಅದರ ರಚನೆ ಎಷ್ಟು ಜಟಿಲವೆಂದರೆ ಪ್ರಯೋಗಾಲಯದಲ್ಲಿ ಅದನ್ನು ಕಟ್ಟಲು ಕೇಂಬ್ರಿಡ್ಜಿನ ಸ್ಟೀವನ್ ಲೇ ಅವರ ತಂಡ 22 ವರ್ಷ ದುಡಿಯಿತು. ಗೆದ್ದದ್ದು 2007ರಲ್ಲಿ. ಕಟ್ಟೆಯ ಮೇಲಿನ ಮರ ಅದನ್ನು ವರ್ಷ ವರ್ಷವೂ ಸದ್ದಿಲ್ಲದೆ ಮಾಡಿ ಉದುರಿಸುತ್ತದೆ!

ಬೆರಗಿನ ಹಿಂದೆ ವ್ಯಾಪಾರ ಬಂತು. ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿ ಭಾರತೀಯ ಪಾಲುದಾರರ ಜೊತೆ ನಮ್ಮ ತುಮಕೂರಿನಲ್ಲೇ ಬೀಜ ಸಂಸ್ಕರಿಸುವ ಘಟಕ ಹಾಕಿತು. ಅದೇ ಕಂಪನಿಗೂ ಅಮೆರಿಕದ ಕೃಷಿ ಇಲಾಖೆಗೂ ಕೂಡಿ 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಒಂದು ಪೇಟೆಂಟ್ ಕೊಟ್ಟಿತು. ‘ಬೇವಿನ ಮರಕ್ಕೇ ಪೇಟೆಂಟ್’ ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಮರಕ್ಕಲ್ಲ, ಬೇವಿನೆಣ್ಣೆಯಿಂದ ಬೆಳೆಯ ಬೂಷ್ಟುರೋಗ ತಡೆಯುವ ಒಂದು ವಿಧಾನಕ್ಕೆ. ಅಷ್ಟಾದರೂ ಸಣ್ಣ ಮಾತಲ್ಲ. ನಮ್ಮ ರೈತರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು ಬೇರೆಯವರ ಶೋಧವೆನಿಸಿಕೊಂಡಿತ್ತು.

1995ರಲ್ಲಿ ಅದನ್ನು ಪ್ರಶ್ನಿಸಿ ಮುಂದೆ ಬಂದದ್ದು ಮೂವರು ಹೆಂಗಸರು: ನಮ್ಮ ವಂದನಾ ಶಿವ, ಬೆಲ್ಜಿಯಂನ ಮಗ್ದಾ ಆಲ್ವೂಟ್, ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟದ ಲಿಂಡಾ ಬುಲ್ಲಾರ್ಡ್. ಮ್ಯೂನಿಕ್‌ನಲ್ಲಿ ವಿಚಾರಣೆ ನಡೆಯಿತು. ಊರಿಗೆಲ್ಲ ಗೊತ್ತಿದೆ ಎಂದರೆ ಅಲ್ಲಿ ನಡೆಯುವುದಿಲ್ಲ. ಯಾರು, ಎಲ್ಲಿ, ಯಾವ ವರ್ಷ, ಎಷ್ಟು ಹಾಕಿ ಸಿಂಪಡಿಸಿದರು ಎಂಬುದಕ್ಕೆ ಪುರಾವೆ ಬೇಕು. ಭಾರತದಿಂದ ಹೋದ ಸಾಕ್ಷಿ, ಬರಹದಲ್ಲಿದ್ದ ಆಧಾರ ಕೊನೆಗೆ ಕೈಹಿಡಿದವು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. ಕಂಪನಿ ಮೇಲ್ಮನವಿ ಹಾಕಿತು. ಅದು ಬಿದ್ದುಹೋದದ್ದು 2005ರ ಮಾರ್ಚ್ 8ರಂದು, ಮಹಿಳಾ ದಿನದಂದೇ. ಬೇವಿನ ಬೀಜ ಆರಿಸುವ, ಎಲೆ ಒಣಗಿಸುವ, ಕಣಜ ಕಾಯುವ ಹೆಂಗಸರ ಗೆಲುವು ಆ ದಿನ ಬಂದದ್ದು ನನಗೆ ಇಂದಿಗೂ ಸಂತೋಷ.

ಸಂತೋಷದ ಜೊತೆ ಒಂದು ಚಿಂತೆಯೂ ಇದೆ. ಮತ್ತೆ ಹೀಗಾಗಬಾರದೆಂದು ಸರ್ಕಾರ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಆರಂಭಿಸಿತು. ಒಳ್ಳೆಯ ಕೆಲಸ. ಅದಕ್ಕೆ ಆಧಾರ ಆಯುರ್ವೇದ, ಯುನಾನಿ, ಸಿದ್ಧ ಪದ್ಧತಿಗಳ ಗ್ರಂಥಗಳು. ಸಂಸ್ಕೃತ, ಅರಬ್ಬಿ, ಪರ್ಷಿಯನ್, ಉರ್ದು, ತಮಿಳಿನಿಂದ ತೆಗೆದದ್ದು. ಎಂದೂ ಗ್ರಂಥವಾಗದ ನಮ್ಮಜ್ಜಿಯ ಕಣಜ ಅದರೊಳಗೆ ಹೇಗೆ ಬಂದೀತು? 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯವಾಯಿತು, ಸಾರಜನಕ ನಿಧಾನವಾಗಿ ಬಿಟ್ಟುಕೊಡಲೆಂದು. ಹಿಂಡಿ ಹೊಲಕ್ಕೆ ಹಾಕುತ್ತಿದ್ದವರ ಲೆಕ್ಕಾಚಾರವನ್ನು ಮಾತ್ರ ಬರೆದಿಟ್ಟವರು ಕಡಿಮೆ. ಆ ಅಜ್ಜಿಯಂದಿರು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ಅವರ ಜಾಗಕ್ಕೆ ಊರಿಲ್ಲದ, ಹೆಸರಿಲ್ಲದ, ಅಳತೆಯಿಲ್ಲದ ಮದ್ದುಗಳು ಹಿರಿಯರ ವೇಷ ಹಾಕಿಕೊಂಡು ಬರುತ್ತಿವೆ.

ನಿಮ್ಮ ಮನೆಯಲ್ಲಿ ಇಂಥ ಹಿರಿಯರು ಇನ್ನೂ ಇದ್ದರೆ, ಈ ವಾರವೇ ಒಂದು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂರಿ. ಎಲೆಯೋ ಹೂವೋ ಬೀಜವೋ ಕೇಳಿ, ಹಸಿಯೋ ಒಣಗಿದ್ದೋ ಕೇಳಿ, ಎಷ್ಟು, ಎಷ್ಟು ದಿನ ಎಂದು ಕೇಳಿ. ಯಾರಿಗೆ ಕೊಡಬಾರದು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಹೇಳಿದವರ ಹೆಸರು, ಊರು, ತಾರೀಖು ಹಾಕುವುದನ್ನು ಮರೆಯಬೇಡಿ.